ಮೂಲಪ್ರತಿ

ನನ್ನ ಮುತ್ತಜ್ಜನ ಅಪ್ಪನ ಚಹರೆ ನಮಗೆ ಸಿಕ್ಕಿದ್ದು
ಅವನನ್ನು ಹಿಡಿದು ತರಲು ಹೊರಟವರ ಅರ್ಜಿಯಲ್ಲಿ.

'ಹೆಸರು ಅಂಗರ. ಪ್ರಾಯ ಸುಮಾರು ಇಪ್ಪತ್ತೆರಡು.
ಎಡಗಿವಿಯ ಹಾಲೆ ಹರಿದಿದೆ.
ನಡೆವಾಗ ಬಲಪಾದ ತುಸು ಹೊರಕ್ಕೆ.
ಬೀಡಿನ ಮೂಲದಾಳು, ತಾಯಿಯೂ ನಮ್ಮದೇ.
ಬೆಲೆ ಹದಿನಾಲ್ಕು ರೂಪಾಯಿ,
ಹೊದ್ದು ಹೋದ ಕಂಬಳಿಯದು ಬೇರೆ.'

ಮಂಗಳೂರಿನ ಕಚೇರಿಯ ದಾಖಲೆ ಕೋಣೆಯಲ್ಲಿ
ಇಪ್ಪತ್ತಾರು ವರ್ಷದಿಂದ ನಕಲು ತೆಗೆಯುವವಳು ನಾನು.
ಜಾಗದ ತಕರಾರಿನವರಿಗೆ
ಅವರವರ ಅಜ್ಜಂದಿರನ್ನು ಹುಡುಕಿಕೊಡುತ್ತೇನೆ.
ನಮ್ಮವರನ್ನು ಹುಡುಕಿರಲಿಲ್ಲ.
ಜಾಗವೇ ಇಲ್ಲದವರಿಗೆ ಕಡತ ಎಲ್ಲಿಯದು?
ಯಾರದೋ ತೋಟದ ಗಡಿ ನೋಡುವಾಗ, ನೋಡಿ,
ಇವನು ಸಿಕ್ಕಿಬಿದ್ದ.

ಮಂಗಳವಾರ ಹುಟ್ಟಿದ್ದಕ್ಕೆ ಅಂಗರ.
ಬುಧವಾರದವ ಬೂದ, ಶುಕ್ರವಾರದವ ತುಕ್ರ, ಶನಿವಾರಕ್ಕೆ ಚನಿಯ.
ಏಳು ಹೆಸರು ಸಾಕಾಗುತ್ತಿತ್ತು ನೂರು ಮಂದಿಗೆ.
ಎತ್ತುಗಳಿಗಾದರೂ
ಬಣ್ಣ ನೋಡಿ ಹೆಸರಿಡುತ್ತಿದ್ದರು.

ಹಾಗಾದರೆ ಇವನೇ ಅವನೆಂದು ಹೇಗೆ ಹೇಳಲಿ?
ಹರಿದ ಕಿವಿಯ ಕತೆ ಅಜ್ಜಿ ಹೇಳಿದ್ದಳು.
ಬಲಪಾದ ಹೊರಕ್ಕೆ, ಅಪ್ಪನದೂ ಹಾಗೆಯೇ ಇತ್ತು.
ಮೇಜಿನಡಿ ಬಗ್ಗಿ
ನನ್ನ ಚಪ್ಪಲಿ ಸವೆದ ಬದಿ ನೋಡಿಕೊಂಡೆ.

ನೇತ್ರಾವತಿಯ ಆಚೆ ದಡ, ನಡುರಾತ್ರಿ.
ದೋಣಿಯವ ಕೇಳಿದನಂತೆ: 'ಏರ್ನ ಆಳ್ ಈ?'
ಯಾರ ಆಳು ನೀನು?
'ಎನ್ನನೇ' ಅಂದನಂತೆ, ನನ್ನದೇ ಆಳು ನಾನು.
ಹಾಗೆ ಅಜ್ಜಿ ಹೇಳಿದ್ದು ಒಂದು ಸಲ.
ಇನ್ನೊಂದು ಸಲ, ಎಲೆ ಅಡಿಕೆ ಉಗಿದು ಬಂದು ಹೇಳಿದ್ದು,
ಉತ್ತರ ಹೊಳೆಯದೆ ನೀರಿಗೆ ಹಾರಿದ, ಈಜಿದ.
ನನಗೆ ಎರಡನೆಯದೇ ನಂಬಿಕೆ.

ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದ.
ಹಾಜರಿ ಪುಸ್ತಕದವರು ಅಪ್ಪನ ಹೆಸರು ಕೇಳಿದರು,
ಹುಟ್ಟಿದಂದಿನಿಂದ ಯಾರೂ ಕೇಳದ್ದನ್ನು.
ಸಂಜೆ ಕೈಗೆ ಬಿದ್ದ ಎರಡಾಣೆಯನ್ನು
ಯಾರಿಗೆ ಒಪ್ಪಿಸಬೇಕೆಂದು ತಿಳಿಯದೆ
ಕತ್ತಲಾಗುವ ತನಕ ಬಾಗಿಲಲ್ಲೇ ನಿಂತಿದ್ದನಂತೆ.

ಅರ್ಜಿಯ ಅಂಚಿನಲ್ಲಿ ಬೇರೆ ಕೈಬರಹ, ಶಾಯಿ ಕಂದಿದೆ:
'ಮನುಷ್ಯನ ಮೇಲೆ ಇಂಥ ಹಕ್ಕನ್ನು
ಈ ಕಚೇರಿ ಎತ್ತಿಹಿಡಿಯದು. ವಜಾ.'
ಆ ಕಾನೂನಿಗೆ ಆಗಲೇ ಮೂವತ್ತು ವರ್ಷ.
ಮೂವತ್ತು ವರ್ಷ ಪೆಟ್ಟಿಗೆಯೊಳಗೆ ಮಲಗಿತ್ತು
ಒಳ್ಳೆಯ ಹಾಸಿಗೆ ಸಿಕ್ಕ ನೆಂಟನ ಹಾಗೆ.
ಒಬ್ಬ ಓಡಬೇಕಾಯಿತು,
ಇನ್ನೊಬ್ಬ ಅಟ್ಟಿಸಿಕೊಂಡು ಬರಬೇಕಾಯಿತು,
ಇಬ್ಬರೂ ಏದುಸಿರಲ್ಲಿ ಬಾಗಿಲಿಗೆ ಬಂದು ನಿಂತಾಗ
ಅದು ಎದ್ದು ಕಣ್ಣುಜ್ಜಿಕೊಂಡಿತು.

ಹದಿನೇಳನೆಯ ವಿಧಿ, ಇಪ್ಪತ್ತಮೂರನೆಯ ವಿಧಿ,
ಇಲಾಖೆ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ,
ದಿಲ್ಲಿಯಲ್ಲಿ ಕುಳಿತು ದೊಡ್ಡವರು ಬರೆದರೆಂದು.
ಬರೆದದ್ದು ಹೌದು, ಕೈಮುಗಿಯುತ್ತೇನೆ.
ಆದರೆ ನಕಲು ತೆಗೆಯುವವಳಿಗೆ ಗೊತ್ತು,
ಯಾವ ಪ್ರತಿಗೂ ಒಂದು ಮೂಲವಿರುತ್ತದೆ.
ಹೊಳೆ ದಾಟಿದ ಒದ್ದೆ ಕಾಲುಗಳು, ಊರೂರಿನವು,
ಲೆಕ್ಕಕ್ಕೆ ಸಿಗದವು.
ಮೂಲದಾಳು ಎಂದು ಅವರೇ ಬರೆದಿದ್ದಾರಲ್ಲ.

ನಕಲಿಗೆ ನಾನೇ ಅರ್ಜಿ ಹಾಕಿದೆ,
ನನ್ನ ಕೌಂಟರಿನ ಮುಂದೆ ನಾನೇ ಸಾಲಿನಲ್ಲಿ ನಿಂತೆ.
ಹೊಸ ಹುಡುಗ ಪ್ರಜ್ವಲ ಫಾರಂ ನೋಡಿ,
'ಸುಗಂಧಿ ಮೇಡಂ, ಸಂಬಂಧದ ಕಲಂ ಖಾಲಿ ಬಿಟ್ಟಿದ್ದೀರಿ' ಅಂದ.
'ವಾರಸುದಾರಳು' ಎಂದು ಬರೆದೆ.
ಹದಿನಾಲ್ಕು ರೂಪಾಯಿಗೋ, ಕಂಬಳಿಗೋ, ಅವನು ಕೇಳಲಿಲ್ಲ.
ಸೀಲು ಬಿತ್ತು.

ಮನೆಗೆ ತಂದು ಮತ್ತೆ ಮತ್ತೆ ಓದುವಾಗ
ಪ್ರತಿಸಲ ಅದೇ ಸಾಲಿಗೆ ಕಾಲು ಎಡವುತ್ತದೆ:
ತಾಯಿಯೂ ನಮ್ಮದೇ.
ನಮ್ಮವಳೇ ಅಲ್ಲ, ನಮ್ಮದೇ.
ಅವಳು ಓಡಲಿಲ್ಲ,
ಹಾಗಾಗಿ ಅವಳ ಕಿವಿ ಹೇಗಿತ್ತೋ ಯಾರೂ ಬರೆದಿಡಲಿಲ್ಲ.
ಅವನು ಹೋದ ರಾತ್ರಿ ಎಚ್ಚರವಿದ್ದಳೋ,
ಕಂಬಳಿ ಹೊದಿಸಿ ಕಳಿಸಿದವಳು ಅವಳೇ ಏನೋ.
ಯಾವ ವಾರ ಹುಟ್ಟಿದವಳೋ.